ಸೂರತ್ತಿನ ಸಭೆಯಲ್ಲಿ ನಾನು ಕೇಳಿದ ನೀರು

ನಮ್ಮ ಸಂಸ್ಥೆಗೆ ಸ್ವಂತ ಕಟ್ಟಡವಿಲ್ಲ, ಲಾಂಛನವಿಲ್ಲ, ಇರುವುದು ಒಂದು ನಿಯಮ. ಹದಿನಾರರಿಂದ ಇಪ್ಪತ್ತೊಂದರ ಒಳಗಿನ ಮಕ್ಕಳು ವಾರಕ್ಕೊಮ್ಮೆ ಸೇರಿ, ತಮ್ಮ ಓಣಿಯ ಯಾವುದಾದರೂ ತೊಂದರೆಯನ್ನು ಎತ್ತಿಕೊಂಡು ತಾವೇ ಸಭೆ ನಡೆಸುತ್ತಾರೆ. ಬೀದಿದೀಪ, ನಲ್ಲಿ, ಕೈ ತೋರಿಸಿದರೂ ಬಸ್ಸು ನಿಲ್ಲಿಸದ ಡ್ರೈವರು. ಮಾತಾಡಲು ಹೆದರುವವರು ಮಾತಾಡುವುದನ್ನೂ ಹೆದರದವರು ಕೇಳಿಸಿಕೊಳ್ಳುವುದನ್ನೂ ಕಲಿಯಲಿ ಎಂಬುದು ಉದ್ದೇಶ. ಪ್ರತಿ ಸಭೆಯಲ್ಲೂ ಒಬ್ಬ ಹಿರಿಯರು ಇರಲೇಬೇಕು. ಆದರೆ ಅವರು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿರಬೇಕು, ಮಕ್ಕಳು ಕೇಳುವ ತನಕ ಬಾಯಿ ಬಿಡಬಾರದು. ಇದೇ ಆ ನಿಯಮ.

ಇದನ್ನು ಮಾಡಿದವರು ಅಹಮದಾಬಾದಿನ ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಅವರನ್ನು ಬೆನ್ ಎಂದೇ ಕರೆಯುತ್ತಾರೆ. ಗುಜರಾತಿನಲ್ಲಿ ಅಕ್ಕ ಎಂಬರ್ಥದ ಆ ಸಾಮಾನ್ಯ ಮಾತಿಗೆ ಇಷ್ಟು ಭಯ ಬೆರೆತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾಗಿ, ಇನ್ನೊಮ್ಮೆ ಸಾಮಾನು ಕಟ್ಟಲಾರೆನೆಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದರಿಂದ ಅದೇ ಊರಿನ ಮಣಿನಗರದಲ್ಲೇ ಉಳಿದುಬಿಟ್ಟಿದ್ದ ನನ್ನನ್ನು ಬೆನ್ ಅದು ಹೇಗೋ ಪತ್ತೆ ಹಚ್ಚಿದರು. ಬೇರೆ ಯಾರೂ ಹೋಗಲು ಒಪ್ಪದಿದ್ದ ವಡೋದರದ ಮಕರಪುರವನ್ನು ನನ್ನ ಸುಪರ್ದಿಗೆ ಕೊಟ್ಟರು. ಪ್ರತಿ ಗುರುವಾರ ಮಧ್ಯಾಹ್ನ ಲೋಕಲ್ ರೈಲು ಹತ್ತಿ ಹೋಗಿ, ಒಂದೂವರೆ ತಾಸು ಮೌನವ್ರತ ಆಚರಿಸಿ ಮನೆಗೆ ಬರುತ್ತಿದ್ದೆ. ಋಷಿಗಳು ಇದಕ್ಕೆಂದೇ ಕಾಡಿಗೆ ಹೋಗುತ್ತಿದ್ದರಂತೆ. ಅವರ ಎದುರು ಯಾರೂ ಸಭೆಯನ್ನು ತಪ್ಪುತಪ್ಪಾಗಿ ನಡೆಸುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಮಕರಪುರ ಕಾರ್ಖಾನೆಗಳ ಪ್ರದೇಶ. ಅದಕ್ಕೆ ಅಂಟಿಕೊಂಡ ವಸತಿ ಸೊಸೈಟಿಯೊಂದು ತನ್ನ ಮಹಡಿ ಮೇಲಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿತ್ತು. ಹದಿನಾಲ್ಕು ಹುಡುಗಿಯರು ಬರುತ್ತಿದ್ದರು. ಅವರ ಮುಂದಾಳಾಗಿದ್ದ ಹುಡುಗಿ ಮದುವೆಯಾಗಿ ಭರೂಚ್‌ಗೆ ಹೋದದ್ದೇ ತಡ, ಸೊಸೈಟಿಯವರು ಕೀಲಿ ವಾಪಸು ಕೇಳಿದರು. ಇಲ್ಲಿಯವರೇ ಒಬ್ಬರು ಜವಾಬ್ದಾರಿ ಹೊರದಿದ್ದರೆ ತಿಂಗಳ ಕೊನೆಗೆ ಕೋಣೆ ಬಿಡಬೇಕೆಂದರು. ಊರೊಳಗಿನ ನಮ್ಮ ಇನ್ನೊಂದು ಕೇಂದ್ರಕ್ಕೆ ಬನ್ನಿ ಅಂದರೆ ಈ ಹುಡುಗಿಯರ ಮನೆಯಲ್ಲಿ ಯಾರೂ ಕಳಿಸುವವರಲ್ಲ. ಹೊತ್ತು ಮುಳುಗುವ ಹೊತ್ತಿಗೆ ಅಷ್ಟು ದೂರ ಏಕೆ ಎಂಬ ಒಂದೇ ಪ್ರಶ್ನೆಗೆ ಎಲ್ಲವೂ ನಿಂತುಹೋಗುತ್ತಿತ್ತು.

ಜವಾಬ್ದಾರಿ ಹೊರಬಲ್ಲವಳೆಂದು ಉಳಿದಿದ್ದವಳು ಒಬ್ಬಳೇ. ಹತ್ತೊಂಬತ್ತು ವರ್ಷ. ಅಪ್ಪ ಗದಗದ ಕಡೆಯವರು, ಮೋಟಾರುಗಳಿಗೆ ತಂತಿ ಸುತ್ತುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ವಡೋದರದಲ್ಲೇ. ಗುಜರಾತಿ ನೀರಿನಂತೆ ಹರಿಯುತ್ತಿತ್ತು, ಕನ್ನಡ ಮಾತ್ರ ಅಪ್ಪನ ಊಟದ ತಟ್ಟೆಯ ಸುತ್ತಮುತ್ತ ಎಷ್ಟು ಬೇಕೋ ಅಷ್ಟು. ಗೋಡೆ ಪಕ್ಕದ ಕುರ್ಚಿಯಲ್ಲಿ ಕನ್ನಡದ ಹಿರಿಯರೊಬ್ಬರಿದ್ದಾರೆ ಎಂಬ ಧೈರ್ಯದ ಮೇಲೆಯೇ ಆ ಮನುಷ್ಯ ಮಗಳನ್ನು ಕಳಿಸುತ್ತಿದ್ದದ್ದು. ಇದನ್ನು ನನಗೆ ಹಲವು ಸಲ ಹೇಳಿದ್ದರು.

ಮುಂದಾಳಾಗಬೇಕಾದರೆ ಒಂದು ಪರೀಕ್ಷೆ ಇದೆ. ಬೇರೆ ಊರಿನಲ್ಲಿ, ಪರಿಚಯವಿಲ್ಲದ ಜನರ ನಡುವೆ, ಅವರದೇ ಒಂದು ನಿಜವಾದ ಜಗಳದ ಮೇಲೆ ಸಭೆ ನಡೆಸಿ ತೀರ್ಮಾನಕ್ಕೆ ತರಬೇಕು. ಕೇಳದೆಯೇ ಹಿಂದೆ ಕೂತ ಹಿರಿಯರಿಂದ ಒಂದು ಮಾತಿನ ಸಹಾಯ ಬಂದರೂ ಪರೀಕ್ಷೆ ರದ್ದು, ಮತ್ತೆ ಆರು ತಿಂಗಳ ಮೇಲೆಯೇ. ಆರು ತಿಂಗಳೆಂದರೆ ಮಕರಪುರದ ಕೋಣೆ ಇರುವುದಿಲ್ಲ. ಅವಳಿಗೆ ಸೂರತ್ ನಿಗದಿಯಾಗಿತ್ತು.

ಇಲ್ಲಿ ನಾನು ನನ್ನ ಮೊದಲ ಅಪರಾಧವನ್ನು ಒಪ್ಪಿಕೊಳ್ಳಬೇಕು. ಮೂರು ವಾರ ಮೊದಲೇ ಅವಳಿಗೆ ಎರಡು ಪುಟದ ಪೀಠಿಕೆಯೊಂದನ್ನು ಗುಜರಾತಿಯಲ್ಲಿ ಬರೆದುಕೊಟ್ಟಿದ್ದೆ. ಮಾನ್ಯ ಸಭಿಕರಿಗೆ ಸ್ವಾಗತ, ಕಾರ್ಯಸೂಚಿ, ಸಭೆ ನಡೆಸಲು ಬೇಕಾದ ಹಾಜರಾತಿ, ಆಕ್ಷೇಪಗಳಿದ್ದರೆ ಅವನ್ನು ಎತ್ತುವ ಕ್ರಮ, ಎಲ್ಲವೂ ಇತ್ತು. ಸಭೆಗೆ ಮೊದಲು ಕಲಿಸುವುದು ನಿಯಮಬಾಹಿರವಲ್ಲ. ಬುದ್ಧಿಬಾಹಿರವೇ ಎಂದು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಅವಳು ಓದಿ, ಇಷ್ಟೆಲ್ಲ ಬೇಕಾ ಕಾಕಾ ಎಂದು ಕೇಳಿದಳು. ಬ್ಯಾಂಕುಗಳು ನಿಂತಿರುವುದೇ ಇದರ ಮೇಲೆ ಎಂದೆ.

ಭಾನುವಾರ ಬೆಳಗ್ಗೆ ನಾನು ಮಣಿನಗರದಲ್ಲಿ ರೈಲು ಹತ್ತಿದೆ, ವಡೋದರದಲ್ಲಿ ಅಪ್ಪ ಮಗಳು ಹತ್ತಿದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಬೀಗರ ಮನೆಗೆ ಹೊರಟಂತೆ. ಹುಡುಗಿ ಕಿಟಕಿ ಪಕ್ಕ ಕೂತು ಪುಟಗಳನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು. ತಿನ್ನಲು ಏನು ಕೊಟ್ಟರೂ ಬೇಡ ಅಂದಳು. ಅಂಕಲೇಶ್ವರ ದಾಟುವಾಗ ಅಪ್ಪ ನನ್ನ ಕಡೆ ಬಾಗಿ, ಇವತ್ತು ಆಗಲಿಲ್ಲಾಂದ್ರೆ ಆರು ತಿಂಗಳ ಮೇಲಿನ ಮಾತು ಬೇಡ, ಮನೆಯಲ್ಲೇ ಹೊಲಿಗೆ ಕಲಿಯಲಿ ಅಂತ ಅವರವ್ವ ಹೇಳ್ಯಾಳ ಎಂದರು. ಮೆಲ್ಲಗೇ ಹೇಳಿದರು. ಆದರೆ ರೈಲಿನಲ್ಲಿ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸುತ್ತದೆ. ಮಡಿಸುವುದು ಬಿಚ್ಚುವುದು ನಿಂತಿತು.

ಸೂರತ್ತಿನ ಆ ಓಣಿಯಲ್ಲಿ ಮನೆಮನೆಗೂ ಕಸೂತಿ ಯಂತ್ರಗಳು. ಜಗಳ ಇದ್ದದ್ದು ಒಂದು ಅಂಗಳದ ಬಗ್ಗೆ. ಸಂಜೆ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ, ಹುಡುಗಿಯರು ವಾರಕ್ಕೆ ಎರಡು ಸಂಜೆ ತಮಗೂ ಬೇಕೆನ್ನುತ್ತಾರೆ. ಸಭಾಗೃಹದಲ್ಲಿ ಮೂವತ್ತು ಜನ ಇದ್ದರು. ಎಡಗಡೆ ಹುಡುಗರು, ಬಲಗಡೆ ಹುಡುಗಿಯರು, ನಡುವೆ ಒಂದು ಖಾಲಿ ಜಮಖಾನ. ಪಕ್ಕದಲ್ಲಿ ಮೂವರು ಪರೀಕ್ಷಕರು: ಬೆನ್, ವಡೋದರದ ಒಬ್ಬ ಉಪನ್ಯಾಸಕ, ಸೂರತ್ತಿನ ಒಬ್ಬ ವಯಸ್ಸಾದ ಸೀರೆ ವ್ಯಾಪಾರಿ. ಅಪ್ಪ ಬಾಗಿಲ ಬಳಿ ಚಪ್ಪಲಿಗಳ ಹತ್ತಿರ ನಿಂತರು. ನಾನು ನನ್ನ ಕುರ್ಚಿಯಲ್ಲಿ ವಿರಾಜಮಾನನಾದೆ.

ಹುಡುಗಿ ಮೊದಲ ಪುಟ ಓದಿದಳು. ಮಾನ್ಯ ಸಭಿಕರೇ ಎಂದದ್ದಕ್ಕೆ ಹುಡುಗರ ಕಡೆ ಒಬ್ಬ ಹಿಂದೆ ತಿರುಗಿ, ಯಾರನ್ನೋ ಹುಡುಕುವವನಂತೆ ನೋಡಿದ. ನಗು ಎದ್ದಿತು. ಹಾಜರಾತಿಯ ಸಾಲಿಗೆ ಹುಡುಗಿಯರೂ ನಕ್ಕರು. ನನ್ನ ಮೂವತ್ತನಾಲ್ಕು ವರ್ಷಗಳ ಸೇವೆ ಆ ಜಮಖಾನದ ಮೇಲೆ ಬಿದ್ದು ಒದ್ದಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಒಬ್ಬ ಎದ್ದು, ಅಕ್ಕ ಯಾವ ಆಫೀಸಿನಿಂದ ಬಂದಿದ್ದಾರೆ, ಬಿಲ್ಲು ಕಟ್ಟುವುದು ಇಲ್ಲೇನಾ ಎಂದು ಕೇಳಿದ. ಎರಡೂ ಕಡೆಯವರು ಒಟ್ಟಿಗೆ ಮಾತಾಡತೊಡಗಿದರು. ಜಮಖಾನದ ಮೇಲೆ ಇಬ್ಬರು ಹುಡುಗರು ಬಂದು ನಿಂತರು, ಎದುರಿಗೆ ಒಬ್ಬ ಹುಡುಗಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

ನಮ್ಮ ಹುಡುಗಿ ಪುಟಗಳನ್ನು ಮೇಜಿನ ಮೇಲೆ ಬೋರಲು ಹಾಕಿ ಸುಮ್ಮನಾದಳು.

ಸುಮ್ಮನೆ ನಿಂತಳು. ಗಲಾಟೆ ಏರುತ್ತಿತ್ತು, ಅವಳು ಒಂದು ಮಾತಾಡಲಿಲ್ಲ. ನಾನು ಗಡಿಯಾರ ನೋಡಿದೆ. ಅರ್ಧ ನಿಮಿಷ. ಬೆನ್ ತಮ್ಮ ಪುಸ್ತಕದಲ್ಲಿ ಏನೋ ಬರೆದರು. ಒಂದು ನಿಮಿಷ. ಬಾಗಿಲ ಬಳಿ ಅಪ್ಪ ಅಂಗಿಯ ತೋಳನ್ನು ಮೇಲೆ ಸರಿಸಿ ಮತ್ತೆ ಕೆಳಗೆ ಎಳೆದುಕೊಂಡರು. ಮಕರಪುರದ ಕೋಣೆ, ಹದಿನಾಲ್ಕು ಹುಡುಗಿಯರು, ಹೊಲಿಗೆ ಯಂತ್ರ ಎಲ್ಲವೂ ಒಟ್ಟಿಗೆ ನನ್ನ ತಲೆಯೊಳಗೆ ನುಗ್ಗಿದವು. ಎರಡನೇ ಪುಟದ ನಾಲ್ಕನೇ ಸಾಲಿನಲ್ಲಿ, ಇಂಥ ಗಲಾಟೆಯಾದರೆ ಏನು ಹೇಳಬೇಕೆಂದು ನಾನೇ ಬರೆದಿದ್ದೆ. ಅವಳು ಅದನ್ನು ಮರೆತಿದ್ದಾಳೆ ಎಂದುಕೊಂಡೆ.

ನಾನು ಎದ್ದು ನಿಂತೆ. ಎದ್ದದ್ದಷ್ಟೇ ಅಲ್ಲ, ಇಡೀ ಕೋಣೆಯಲ್ಲಿ ಮೂವರಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿ, "ಎರಡನೇ ಪುಟ ತೆಗೆಯಮ್ಮ, ನಾಲ್ಕನೇ ಸಾಲು" ಎಂದೆ.

ಅವಳು ನನ್ನ ಕಡೆ ನೋಡಿದಳು. ಭಯದ ನೋಟವಾಗಿರಲಿಲ್ಲ. "ಕಾಕಾ, ನೀವು ಕುಂಡ್ರಿ. ನಾ ಬೇಕಂತ ಸುಮ್ನ ನಿಂತೀನಿ."

ಕೂತೆ. ಕನ್ನಡ ಕೇಳಿದ ಆ ಮೂವತ್ತು ಜನಕ್ಕೆ ಇದೇನು ಹೊಸ ಗಲಾಟೆ ಎಂದು ಕುತೂಹಲವಾಗಿ ಎಲ್ಲರೂ ತಾವಾಗಿ ತೆಪ್ಪಗಾದರು. ಅವಳು ಜಮಖಾನದ ಮೇಲೆ ಬಂದು ಕೂತು, ಇಷ್ಟು ಹೊತ್ತು ಬಾಯಿ ತೆರೆಯದವರು ಯಾರು ಎಂದು ಗುಜರಾತಿಯಲ್ಲಿ ಕೇಳಿದಳು. ಹುಡುಗರ ಗುಂಪಿನಲ್ಲಿ ಕಡೆಗೆ ಕೂತಿದ್ದ ಒಬ್ಬ, ಹುಡುಗಿಯರ ಸಾಲಿನಲ್ಲಿ ಇಬ್ಬರು. ಆ ಮೂವರನ್ನು ಮುಂದೆ ಕರೆದಳು. ಜೋರಾಗಿ ಮಾತಾಡುವವರು ಸ್ವಲ್ಪ ಹೊತ್ತು ಇವರಿಗೆ ನೀರು ತಂದುಕೊಡಲಿ ಎಂದಾಗ ಮತ್ತೆ ನಗು ಎದ್ದಿತು. ಈ ಸಲದ್ದು ಬೇರೆ ಜಾತಿಯ ನಗು. ಮುಕ್ಕಾಲು ತಾಸಿನಲ್ಲಿ ಮಂಗಳವಾರ, ಶುಕ್ರವಾರ ಹುಡುಗಿಯರಿಗೆ ಎಂದಾಯಿತು, ಹಬ್ಬದ ದಿನ ಬಂದರೆ ಅದಲು ಬದಲು. ಕ್ರಿಕೆಟ್ಟಿನವರೇ ಬರೆದು ಸಹಿ ಹಾಕಿದರು.

ಪರೀಕ್ಷಕರು ಪಕ್ಕದ ಸಣ್ಣ ಕೋಣೆಗೆ ನನ್ನನ್ನೇ ಮೊದಲು ಕರೆದರು. ಬೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೀವು ಎದ್ದಿರಿ, ನಿಮ್ಮ ಭಾಷೆಯಲ್ಲಿ ಏನೋ ಹೇಳಿದಿರಿ, ಅವಳೂ ಏನೋ ಹೇಳಿದಳು, ಆಮೇಲೆ ಸಭೆ ದಾರಿಗೆ ಬಂತು. ನೀವು ಹೇಳಿದ್ದೇನು?

ಬ್ಯಾಂಕಿನಲ್ಲಿ ಎಷ್ಟೋ ತಪಾಸಣೆಗಳನ್ನು ಎದುರಿಸಿದ್ದೇನೆ, ಯಾವತ್ತೂ ಸುಳ್ಳು ಹೇಳಿದವನಲ್ಲ. ಅಗತ್ಯ ಬಿದ್ದಿರಲಿಲ್ಲ ಎಂಬುದು ಆಗ ಹೊಳೆಯಿತು. ನಿಜ ಹೇಳಿದರೆ ಪರೀಕ್ಷೆ ರದ್ದು, ಅದೂ ನನ್ನಿಂದ. ಹೇಳದಿದ್ದರೆ ಕೇಳುವವರಿಲ್ಲ. ಈ ರಾಜ್ಯದಲ್ಲಿ ಕನ್ನಡಕ್ಕಿರುವ ಇದೊಂದು ಅನುಕೂಲವನ್ನು ಬಳಸಿಕೊಂಡೆ.

"ನೀರು ಕೇಳಿದೆ," ಎಂದೆ. "ಗಂಟಲು ಒಣಗಿತ್ತು."

ಬೆನ್ ಅದನ್ನೂ ಬರೆದುಕೊಂಡರು. ನಾನು ಹೊರಗೆ ಬಂದೆ, ಹುಡುಗಿ ಒಳಗೆ ಹೋದಳು. ಬಾಗಿಲಲ್ಲಿ ಒಂದು ಕ್ಷಣ ಸಿಕ್ಕಿದ್ದಳು, ಒಂದು ಮಾತು ಹೇಳಬಹುದಿತ್ತು. ವ್ಯಾಪಾರಿ ಹಿಂದೆಯೇ ನಿಂತಿದ್ದರು. ಹೇಳಲಾಗಲಿಲ್ಲ.

ಅಂಗಳದ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತೆ. ಯಾರೋ ತಂದಿಟ್ಟ ಲೋಚೋ, ಸೂರತ್ತಿನವರು ಪ್ರಾಣ ಬಿಡುವ ಆ ಬಿಸಿ ಕಡಲೆಹಿಟ್ಟಿನ ಮುದ್ದೆ, ಇಬ್ಬರ ನಡುವೆ ಆರುತ್ತ ಇತ್ತು. ಹುಡುಗಿ ಹೊರಗೆ ಬರುವಾಗ ಮುಖದಲ್ಲಿ ಏನೂ ಕಾಣಿಸಲಿಲ್ಲ. ಏನು ಕೇಳಿದರು ಅಂದೆ. ನೀವು ಏನಂದ್ರಿ ಅಂತ ಕೇಳಿದ್ರು, ಕಾಕಾ ಎರಡನೇ ಪುಟ ತೆಗೆ ಅಂದ್ರು, ನಾ ಕುಂಡ್ರಿ ಅಂದೆ ಅಂತ ಹೇಳೀನಿ, ಎಂದಳು. ನಾನು ನೀರಿನ ವಿಷಯ ತಿಳಿಸಿದೆ. ಅವಳು ಅಪ್ಪನ ಕಡೆ ನೋಡಿದಳು, ಅಪ್ಪ ಚಪ್ಪಲಿಯ ಕಡೆ ನೋಡಿದರು.

ಇಪ್ಪತ್ತು ನಿಮಿಷ ಹಾಗೆ ಕೂತಿದ್ದೆವು. ಒಳಗೆ ವ್ಯಾಪಾರಿಯ ದನಿ ಏರುವುದು ಕೇಳುತ್ತಿತ್ತು. ನಿಯಮ ಎಂದರೆ ನಿಯಮ, ಇವತ್ತು ಬಿಟ್ಟರೆ ನಾಳೆ ಎಲ್ಲ ಮುದುಕರೂ ಎದ್ದು ನಿಲ್ಲುತ್ತಾರೆ ಎನ್ನುತ್ತಿದ್ದರು. ನನಗೆ ಅವರ ಮಾತು ಪೂರ್ತಿ ಸರಿ ಅನ್ನಿಸಿತು, ಅದೇ ಸಂಕಟ.

ಕೊನೆಗೆ ನಮ್ಮ ಮೂವರನ್ನೂ ಒಳಗೆ ಕರೆದರು. ಬೆನ್ ನಿಂತೇ ಮಾತಾಡಿದರು. ಸಹಾಯ ಮಾಡಿದ್ದು ನಿಜ, ಮಾಡಿದವರು ತಪ್ಪು. ಆದರೆ ಪುಟ ಬೋರಲಾಗಿಯೇ ಬಿದ್ದಿತ್ತು, ಅವಳು ಮುಟ್ಟಲಿಲ್ಲ, ಅದನ್ನು ನಾವು ಮೂವರೂ ನೋಡಿದ್ದೇವೆ. ಇಬ್ಬರು ಒಪ್ಪಿದ್ದೇವೆ, ಒಬ್ಬರು ಒಪ್ಪಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಆ ಹದಿನಾಲ್ಕು ಜನಕ್ಕೆ ಆದದ್ದನ್ನು ಆದ ಹಾಗೆ ಹೇಳುವವಳು ಬೇಕು. ನೀರು ಕೇಳುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ."

ತೀರ್ಪು ಹೀಗಿತ್ತು: ಮಕರಪುರದ ಕೀಲಿ ಹುಡುಗಿಗೆ. ಗೋಡೆ ಪಕ್ಕದ ಕುರ್ಚಿಗೆ ಅದೇ ಸೊಸೈಟಿಯ ಒಬ್ಬ ಹೆಂಗಸನ್ನು ಹುಡುಕುವುದು. ನಾನು ಗುರುವಾರದಿಂದ ಹೋಗಕೂಡದು. ಬ್ಯಾಂಕಿನಲ್ಲಿ ಇದನ್ನು ಸೌಮ್ಯ ಭಾಷೆಯಲ್ಲಿ ವರ್ಗಾವಣೆ ಎನ್ನುತ್ತಿದ್ದೆವು.

ಸಂತೋಷಪಡುವ ಹಾಗೆ ಇನ್ನೂ ಇರಲಿಲ್ಲ. ಕನ್ನಡದವರೊಬ್ಬರು ಇದ್ದಾರೆ ಎಂಬ ಧೈರ್ಯದ ಮೇಲೆ ಮಗಳನ್ನು ಕಳಿಸುತ್ತಿದ್ದ ಮನುಷ್ಯ ನನ್ನ ಪಕ್ಕದಲ್ಲೇ ನಿಂತಿದ್ದರು, ಆ ಕನ್ನಡದವನನ್ನು ಈಗ ತಾನೇ ತೆಗೆದುಹಾಕಿದ್ದರು. ಅಪ್ಪ ಒಪ್ಪದಿದ್ದರೆ ಕೀಲಿ ಇದ್ದೂ ಇಲ್ಲದ ಹಾಗೆ. ವಾಪಸು ಬರುವ ರೈಲಿನಲ್ಲಿ ಅವರು ಕಿಟಕಿಯ ಹೊರಗೇ ನೋಡುತ್ತ ಕೂತರು. ಹುಡುಗಿ ಫೋನು ಕೈಯಲ್ಲಿ ಹಿಡಿದಿದ್ದಳು, ಯಾರಿಗೂ ಸುದ್ದಿ ಹೇಳಲಿಲ್ಲ. ಅವಳೂ ಕಾಯುತ್ತಿದ್ದಳು. ನರ್ಮದೆಯ ಸೇತುವೆಯ ಮೇಲೆ ಗಡಗಡ ಸದ್ದಿನಲ್ಲಿ ಅವರು ಕೇಳಿದರು.

"ನೀವು ಖರೇನ ನೀರು ಕೇಳಿದ್ನಿ ಅಂದ್ರೇನ್ರಿ?"

ಹೌದು ಅಂದೆ.

"ಇಷ್ಟು ಓದಿದವರು ನೀವು." ಅಂಗಿಯ ತೋಳು ಮಡಿಸಿಕೊಂಡರು. "ನಾನಾಗಿದ್ರೂ ಅದನ್ನ ಹೇಳ್ತಿದ್ದೆ ಬಿಡ್ರಿ. ಅಕಿ ಹೇಳಲಿಲ್ಲ."

ಸೇತುವೆ ಮುಗಿಯಿತು. ಅವರು ಮಗಳ ಕಡೆ ತಿರುಗದೆ, ಗುರುವಾರ ಎಷ್ಟಕ್ಕೆ ಬಾಗಿಲು ತೆಗೀಬೇಕು ಎಂದು ಕೇಳಿದರು. ಆರಕ್ಕೆ ಎಂದಳು. ಹಾಗಾದ್ರೆ ಮೊದಲು ಊಟ ಮಾಡಿ ಹೋಗು ಎಂದರು. ಅಲ್ಲಿಂದ ವಡೋದರದ ತನಕ ಹುಡುಗಿ ಒಬ್ಬೊಬ್ಬರಿಗೇ ಫೋನು ಮಾಡಿದಳು.

ಗುರುವಾರ ಸಂಜೆ ಮಣಿನಗರದಲ್ಲಿ ನಾನು ಮನೆಯೊಳಗೆ ಓಡಾಡುತ್ತಿದ್ದೆ. ಸ್ಟೇಷನ್ನಿಗೆ ಹೋಗುವ ಹಾಗಿಲ್ಲದಿದ್ದರೆ ಕೊತ್ತಂಬರಿ ಸೊಪ್ಪಾದರೂ ತನ್ನಿ ಎಂದಳು ಹೆಂಡತಿ. ಏಳೂಮುಕ್ಕಾಲಿಗೆ ಹುಡುಗಿಯ ಅಪ್ಪನ ಫೋನು ಬಂತು. ನಾನೂ ಒಂದೀಟು ಬಂದು ನೋಡ್ತೀನಿ ಅಂದಿದ್ದಕ್ಕೆ ಮಗಳು ಬ್ಯಾಡ ಅಂದಳಂತೆ. ಹಾಗಾಗಿ ಎದುರಿನ ಪಾನ್ ಅಂಗಡಿಯಲ್ಲಿ ಒಂದೂವರೆ ತಾಸು ನಿಂತಿದ್ದರು.

"ಮೆಟ್ಟಿಲ ಕೆಳಗ ಹುಡುಗೇರ ಚಪ್ಪಲಿ ಹದಿಮೂರು ಜೋಡು ಇದ್ವು ನೋಡ್ರಿ. ಒಂದು ಹುಡುಗಿ ಬಂದಿಲ್ಲ."

ಒಳಗೆ ಏನು ಮಾತಾಡಿದರು ಎಂದು ಆತುರದಿಂದ ಕೇಳಿದೆ.

"ಅದ್ ಹೆಂಗ್ ಗೊತ್ತಾಗಬೇಕ್ರಿ? ಕಿಟಕಿ ಹಾಕಿಬಿಟ್ರು."