ಬಾಗಿಲ ಬಳಿಯ ಸರ್ವೆ ಮರ

ಕ್ರಿಸ್‌ಮಸ್ಸಿಗೆ ಇನ್ನೂ ಮೂರು ವಾರವಿರುವಾಗಲೇ ನನ್ನ ತಮ್ಮ ಸಿ.ಎಸ್. ಪುರದ ಪರಿಚಯದವರ ಜಮೀನಿನಿಂದ ಆಳೆತ್ತರದ ಸರ್ವೆ ಮರವೊಂದನ್ನು ಕಡಿದು, ಬೈಕಿನ ಹಿಂದೆ ಬಿಗಿದುಕೊಂಡು ತುಮಕೂರಿನ ನಮ್ಮ ಮನೆಗೆ ತಂದ. ಹಬ್ಬ ಹತ್ತಿರವಾದರೆ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಬಿಡುವು ಸಿಗುವುದಿಲ್ಲವೆಂಬುದು ಅವನ ಅವಸರಕ್ಕೆ ಕಾರಣ. ಬಕೆಟ್ಟಿಗೆ ಜಲ್ಲಿ ತುಂಬಿ, ಬೀದಿಗೂ ಕಾಣಲೆಂದು ಮರವನ್ನು ಮುಂಬಾಗಿಲಿನ ಒತ್ತಿಗೇ ನಿಲ್ಲಿಸಿದೆವು.

ಆ ಬಾಗಿಲಿನ ಎದುರಿಗೇ ಅಮ್ಮನ ಮಂಚ. ಮಂಡಿಯ ಶಸ್ತ್ರಚಿಕಿತ್ಸೆಯಾದಂದಿನಿಂದ ಅವಳು ವಾಕರ್ ಹಿಡಿದೇ ನಡೆಯಬೇಕು. ಹಿತ್ತಲಿನ ಬಾಗಿಲಿಗೆ ಮೂರು ಮೆಟ್ಟಿಲುಗಳಿರುವುದರಿಂದ ಅವಳ ಪಾಲಿಗೆ ಮನೆಗಿರುವುದು ಒಂದೇ ಬಾಗಿಲು.

ಅವಳು ಮಂಚದ ಮೇಲೆ ಕುಳಿತು ಹತ್ತಿಯನ್ನು ಎಳೆಯೆಳೆಯಾಗಿ ಬಿಡಿಸಿಕೊಟ್ಟಳು. ನಾನು ಅದನ್ನು ಹಿಮವೆಂದು ಕೊಂಬೆಗಳ ಮೇಲೆ ಹರಡಿದೆ. ಬುಡದಲ್ಲಿ ಬಾಲಯೇಸುವಿನ ಗೋದಲಿ, ಅದಕ್ಕೆ ರಾಗಿ ಹುಲ್ಲಿನ ಹಾಸು. ಶಿರಾ ಗೇಟಿನಲ್ಲಿ ಕೊಂಡ ಬಣ್ಣದ ದೀಪಗಳ ಸೀರಿಯಲ್ ಸೆಟ್ಟು ಗೋಡೆಯ ಪ್ಲಗ್ಗಿಗೆ ಎಟುಕದಿದ್ದಾಗ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದೆ. ಅದಕ್ಕೇ ಅಮ್ಮನ ಬಿಸಿನೀರಿನ ಕೆಟಲ್ಲನ್ನೂ ಸಿಕ್ಕಿಸಿದೆ. ಮಿಕ್ಕ ವೈರನ್ನು ಸುರುಳಿ ಸುತ್ತಿ, ಕಣ್ಣಿಗೆ ಬೀಳದಂತೆ ಚಾಪೆಯಡಿಗೆ ಸೇರಿಸಿದೆ. ಅಷ್ಟು ಅಚ್ಚುಕಟ್ಟಾಗಿ ಮುಗಿಸಿದೆನೆಂದು ಹೆಮ್ಮೆಯೂ ಆಯಿತು.

ಹಬ್ಬಕ್ಕೆ ನಾಲ್ಕು ದಿನ ಉಳಿದಿದ್ದ ಒಂದು ಬೆಳಿಗ್ಗೆ ಅಮ್ಮ ಬಿಸಿಲು ಕಾಯಲು ಜಗಲಿಗೆ ಹೊರಟಳು. ವಾಕರಿನ ಕಾಲು ಚಾಪೆಯ ಉಬ್ಬಿಗೆ ತಗುಲಿತು. ಆಸರೆಗೆಂದು ಅವಳು ಕೊಂಬೆ ಹಿಡಿದಳು. ಮರ ಅವಳ ಮೇಲೆಯೇ ವಾಲಿತು. ಅಡುಗೆಮನೆಯಿಂದ ಓಡಿಬಂದು ಒಂದು ಕೈಯಲ್ಲಿ ಮರವನ್ನೂ ಇನ್ನೊಂದರಲ್ಲಿ ಅವಳನ್ನೂ ತಡೆದೆ.

ಅವಳನ್ನು ಕೂರಿಸಿ ಚಾಪೆ ಎತ್ತಿದೆ. ಅದು ಬೆಚ್ಚಗಿತ್ತು. ಒಳಗಿನ ವೈರಿನ ಸುರುಳಿ ಕೆಟಲ್ಲಿನ ಲೋಡಿಗೆ ಕಾದು ಒಂದು ಕಡೆ ಮೆತ್ತಗಾಗಿತ್ತು. ಅಲ್ಲಿಂದ ಗೇಣುದ್ದದಲ್ಲಿ ಹುಲ್ಲು, ಅದರ ಮೇಲೆ ಒಣಗಿದ ಕೊಂಬೆ, ಕೊಂಬೆಯ ಮೇಲೆ ಹತ್ತಿ. ಬೆಂಕಿಗೆ ಬೇಕಾದುದೆಲ್ಲವನ್ನೂ ಅಮ್ಮನ ಒಂದೇ ದಾರಿಯಲ್ಲಿ ಕ್ರಮವಾಗಿ ಜೋಡಿಸಿಟ್ಟವಳು ನಾನೇ. ಪ್ಲಗ್ ಕಿತ್ತೆ. ಈ ಮರ ಇನ್ನು ಮನೆಯೊಳಗಿರಕೂಡದೆಂದು ನಿಶ್ಚಯಿಸಿದೆ.

ಸಂಜೆ ತಮ್ಮ ಬಂದಾಗ ವಿಷಯ ತಿಳಿಸಿದೆ. ಬೇರೆ ಮರ ತಂದರೂ, ಪ್ರತಿ ವರ್ಷ ಕೊಂಬೆಗಳ ಮೇಲೆ ಹಚ್ಚುವ ಮೇಣದ ಬತ್ತಿ ಈ ಸಲ ಬೇಡವೆಂದೆ.

"ಸರಿಹೋಯ್ತು. ಟೀಚರಮ್ಮ ಮರಕ್ಕೂ ಎಕ್ಸಾಮ್ ಇಟ್ಲು, ಮರ ಫೇಲು ಕಣಮ್ಮ" ಎಂದು ಅವನು ನನ್ನ ಟೀಚರ್ ಕೆಲಸವನ್ನು ಆಡಿಕೊಂಡು ನಕ್ಕ.

ಅಮ್ಮ ನಗಲಿಲ್ಲ. "ಕುಣಿಗಲ್ ಹಳೇ ಮನೇಲಿ ಅಷ್ಟು ವರ್ಷ ಬತ್ತಿ ಹಚ್ಚಿದೀವಿ, ಒಂದೆಲೆ ಸುಟ್ಟಿಲ್ಲ. ನಿಮ್ಮಪ್ಪ ಹೋದ್ಮೇಲೆ ಉಳ್ದಿರೋದು ಅದೊಂದು. ಅದನ್ನೂ ನಿಲ್ಸು ಅಂತೀಯಾ?"

ನಾನು ಆ ಮರದ್ದೇ ಒಂದು ರೆಂಬೆ ಮುರಿದು ಅಂಗಳದಲ್ಲಿ ಹಳೆಯ ಬಾಣಲೆಯೊಳಗಿಟ್ಟು, ಅವಳಿಗೆ ಕಾಣುವಂತೆ ಕಡ್ಡಿ ಗೀರಿದೆ. ಅದು ಭಗ್ಗನೆ ಹೊತ್ತಿಕೊಂಡು, ನಾನು ಕೈ ಹಿಂದೆಗೆಯುವಷ್ಟರಲ್ಲಿ ಬೂದಿಯಾಯಿತು. ತಮ್ಮನ ನಗು ನಿಂತಿತು.

ಅಮ್ಮ ಬಾಣಲೆಯಿಂದ ಕಣ್ಣೆತ್ತಿದಳು. "ನಿಮ್ಮಪ್ಪ ಹಿಂದಿನ ದಿನಾನೇ ಕಡ್ಕೊಂಡು ಬರ್ತಿದ್ರು, ಹಸೀದು. ಒಂದು ಹಾಡು ಮುಗಿಯೋ ತನ್ಕ ಅಷ್ಟೇ ಬತ್ತಿ. ಅಲ್ಲೀವರ್ಗೂ ಬಿಂದಿಗೇಲಿ ನೀರು ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಿದ್ರು."

ನನಗೆ ಬತ್ತಿಗಳು ನೆನಪಿದ್ದವು; ಬಿಂದಿಗೆ ಮರೆತೇಹೋಗಿತ್ತು.

ಹಬ್ಬದ ಹಿಂದಿನ ದಿನ ತಮ್ಮ ಅರ್ಧ ದಿನದ ರಜೆ ಕೇಳಿಕೊಂಡು, ಗೊಣಗುತ್ತಲೇ ಮತ್ತೆ ಸಿ.ಎಸ್. ಪುರಕ್ಕೆ ಹೋಗಿ ಹಸಿಮರ ತಂದ. ಅದನ್ನು ಒದ್ದೆ ಮರಳಿನ ಬಕೆಟ್ಟಿನಲ್ಲಿ ನೆಟ್ಟು, ಬಾಗಿಲಿನಿಂದ ದೂರದ ಮೂಲೆಯಲ್ಲಿರಿಸಿ, ವಾಲದಂತೆ ಕಿಟಕಿಯ ಸರಳಿಗೆ ಕಟ್ಟಿದೆ. ಅಲ್ಲಿ ಗೋಡೆಯ ಪ್ಲಗ್ಗು ಪಕ್ಕದಲ್ಲೇ ಇತ್ತು. ಬಾಕ್ಸಿನ ಅಗತ್ಯವೇ ಬೀಳಲಿಲ್ಲ. ಹತ್ತಿ ಡಬ್ಬಕ್ಕೆ ಹೋಯಿತು, ಕೆಟಲ್ಲು ಅಡುಗೆಮನೆಗೆ. ಗೋದಲಿಗೆ ಹುಲ್ಲಿನ ಬದಲು ಕೆಮ್ಮಣ್ಣು ಹರಡಿದೆ. ಚಾಪೆ ಸುತ್ತಿಟ್ಟು, ಮಂಚದಿಂದ ಬಾಗಿಲವರೆಗೆ ಅಮ್ಮನನ್ನು ನಡೆಸಿದೆ.

"ಈ ವಯಸ್ಸಲ್ಲಿ ನಂಗೆ ಡ್ರಿಲ್ ಮಾಡಿಸ್ತೀಯೇನೇ?"

"ಹೂಂ ಕಣಮ್ಮ. ಇನ್ನೊಂದ್ಸಲ."

ಮರದ ಮೇಲೆ ಬತ್ತಿಯಿಲ್ಲವೆಂಬ ಮಾತಿನಿಂದ ನಾನು ಕದಲಲಿಲ್ಲ. ಆದರೆ ಬಾಗಿಲು ತೆರವಾದ ಮೇಲೆ ಅಮ್ಮನ ಮಂಚದಿಂದ ಜಗಲಿ ನೇರವಾಗಿ ಕಾಣುತ್ತಿತ್ತು. ಹಬ್ಬದ ಸಂಜೆ ಕಲ್ಲಿನ ಜಗಲಿಯ ಮೇಲೆ ಹಿತ್ತಾಳೆಯ ಪರಾತಕ್ಕೆ ನೀರು ತುಂಬಿ, ನಡುವೆ ಮೂರು ಬತ್ತಿಗಳನ್ನು ನಿಲ್ಲಿಸಿ ಹಚ್ಚಿದೆ. ಬಿಂದಿಗೆ ತುಂಬಿಸಿಕೊಂಡು ಪಕ್ಕದಲ್ಲಿ ನಿಂತೆ.

ಅಮ್ಮ ಮಂಚದ ಮೇಲಿಂದಲೇ ಬತ್ತಿಯ ಮುಂದೆ ಅಪ್ಪ ಹಾಡುತ್ತಿದ್ದ ಹಾಡನ್ನು ಎತ್ತಿಕೊಂಡಳು. ಎರಡು ಚರಣಕ್ಕೆ ಮುಗಿಸುವುದು ಅವಳ ರೂಢಿ. ಅಂದು ಎಲ್ಲ ಚರಣಗಳನ್ನೂ ಹಾಡಿದಳು. ಹಾಡಿ, ಮೊದಲಿನದನ್ನು ಮತ್ತೆ ಆರಂಭಿಸಿದಳು.

"ಕೈ ನೋಯಲ್ವೇನಕ್ಕ? ಕೆಳಗಿಡು" ಎಂದು ತಮ್ಮ ಪಿಸುಗುಟ್ಟಿದ.

ನೋಯುತ್ತಿತ್ತು. ಹಾಡು ಮುಗಿದಿರಲಿಲ್ಲ, ಬತ್ತಿಗಳು ಇನ್ನೂ ಉರಿಯುತ್ತಿದ್ದವು. ನಾನು ಬಿಂದಿಗೆಯನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡೆ.