ಮೂರು ಬುಷ್ಷುಗಳು ಮತ್ತು ಅತ್ತೆಯ ಮಾತು

ಆಂಬುಲೆನ್ಸ್ ಓಡಿಸುವುದು ಅವಳ ಕೆಲಸ. ಹಿಂದೆ ಮಲಗಿದವರ ನೋವು ಹೆಚ್ಚಾಗದಂತೆ ಗುಂಡಿ ತಪ್ಪಿಸಿ, ಬ್ರೇಕನ್ನು ಹಗುರವಾಗಿ ಒತ್ತಿ, ವಾರವೆಲ್ಲ ಮೈಯೆಲ್ಲ ಕಣ್ಣಾಗಿ ಓಡಿಸುತ್ತಿದ್ದ ಈ ಹೆಂಗಸು, ತಿಂಗಳಿಗೊಂದು ಭಾನುವಾರ ಊರಾಚೆಯ ರೇಸ್ ಟ್ರ್ಯಾಕಿಗೆ ಹೋಗಿ ತನ್ನ ಹಳೆಯ ಕಾರನ್ನು ಮನಸಾರೆ ಓಡಿಸಿ ಬರುತ್ತಿದ್ದಳು. ಕಾರಿನ ಸ್ಪ್ರಿಂಗು, ಬ್ರೇಕು, ಮುಂದಿನ ಸೀಟು ಎಲ್ಲ ಬದಲಾಗಿದ್ದವು. "ನನಗೂ ಒಬ್ಬ ಸವತಿ ಇದ್ದಾಳೆ" ಎಂದು ಗಂಡ ಆ ಕಾರನ್ನು ತೋರಿಸಿ ಕಂಡಕಂಡವರಿಗೆಲ್ಲ ಹೇಳಿ ನಗುತ್ತಿದ್ದ.

ಹಿಂದಿನ ಸೀಟನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಅದು ಅತ್ತೆಯ ಜಾಗ. ಶನಿವಾರ ಶನಿವಾರ ಅತ್ತೆಯನ್ನು ಊರಿನ ಇನ್ನೊಂದು ತುದಿಯಲ್ಲಿದ್ದ ಅವರ ತಂಗಿಯ ಮನೆಗೆ ಬಿಟ್ಟು ಕರೆತರುವುದು ಇವಳ ಪಾಲಿನ ಕೆಲಸ. ಮನೆಯಲ್ಲಿ ಅಳೆದು ತೂಗಿ ಮಾತಾಡುವ ಅತ್ತೆ, ಕಾರಿನ ಬಾಗಿಲು ಮುಚ್ಚಿದ್ದೇ ತಡ, ಬೇರೆಯೇ ಹೆಂಗಸಾಗುತ್ತಿದ್ದರು. ಗಂಡ ಚಿಕ್ಕವನಿದ್ದಾಗ ಬೆರಳು ಚೀಪುತ್ತಿದ್ದ ಸಂಗತಿ, ಅತ್ತೆ ಹುಡುಗಿಯಾಗಿದ್ದಾಗ ಅಪ್ಪನ ಲಾರಿಯ ಸ್ಟೇರಿಂಗ್ ಹಿಡಿದು ಬೇಲಿಗೆ ನುಗ್ಗಿಸಿದ ಸಂಗತಿ, ಎಲ್ಲ ಇವಳಿಗೆ ಗೊತ್ತಾದದ್ದು ಆ ಸೀಟಿನಿಂದಲೇ.

ಒಂದು ಶನಿವಾರ ಸಿಗ್ನಲ್ ಬಿಟ್ಟು ಹೊರಡುವಾಗ ಅತ್ತೆ ಮಾತು ನಿಲ್ಲಿಸಿದರು.

"ಕೆಳಗೆ ಯಾರೋ ಬಾಗಿಲು ಬಡಿದ ಹಾಗಾಯ್ತಲ್ಲೇ?"

ಇವಳಿಗೂ ಕೇಳಿಸಿತ್ತು. ಗ್ಯಾರೇಜಿನಲ್ಲಿ ಮೇಸ್ತ್ರಿ ಕಾರನ್ನು ಮೇಲೆತ್ತಿ, ಸಲಾಕೆ ಹಾಕಿ ಮೀಟಿ ತೋರಿಸಿದ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಶಿಯಲ್ ಎಂಬ ಆ ಕಬ್ಬಿಣದ ಗಂಟು ಮೂರು ರಬ್ಬರ್ ಬುಷ್ಷುಗಳ, ಅಂದರೆ ದಪ್ಪ ಬಳೆಗಳ, ಆಸರೆಯಲ್ಲಿ ಕೂತಿರುತ್ತದೆ. ಮೂರೂ ಹರಿದು ಬಾಯಿಬಿಟ್ಟಿದ್ದವು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಗಂಟು ಮೇಲೆದ್ದು ಬಡಿಯುತ್ತಿತ್ತು. ಕಂಪನಿಯ ರಬ್ಬರೇ ಹಾಕಿದರೆ ಈ ಓಟಕ್ಕೆ ಮತ್ತೆ ಹರಿಯುತ್ತದೆ, ಬೇರೆ ಏನಾದರೂ ನೋಡಿ ಎಂದ ಮೇಸ್ತ್ರಿ.

ಟ್ರ್ಯಾಕಿನ ಗೆಳೆಯನೊಬ್ಬನಿದ್ದ, ಎಲ್ಲರ ಬಾಯಲ್ಲಿ ಸುಂಟರಗಾಳಿ. ಅಲ್ಯುಮಿನಿಯಂ ಬುಷ್ ಬಿಟ್ಟು ಬೇರೆ ಮಾತೇ ಬೇಡ ಎಂದು ಅವನು ಪಟ್ಟುಹಿಡಿದು, ತನ್ನ ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ. ಇಳಿದ ಮೇಲೂ ಕಿವಿಯೊಳಗೆ ಜೀರುಂಡೆ ಕೂತಂತಿತ್ತು. ಅವನೇನೋ ಹೇಳುತ್ತಿದ್ದ, ಇವಳು ಸುಮ್ಮನೆ ತಲೆಯಾಡಿಸಿದಳು.

ಉಳಿದದ್ದು ಪಾಲಿಯುರೆಥೇನ್, ರಬ್ಬರಿಗಿಂತ ಬಿಗಿ, ಲೋಹಕ್ಕಿಂತ ಮೆದು. ಅದರಲ್ಲೂ ಎರಡು ಬಗೆ. ಕಪ್ಪು ಬಹಳ ಗಟ್ಟಿ, ಕೆಂಪು ಸ್ವಲ್ಪ ಮೆದು. ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ದಿನಾ ರಸ್ತೆಯಲ್ಲೂ ಓಡುವ ಕಾರು, ಕೆಂಪೇ ಸಾಕು ಎಂದ ಮೇಸ್ತ್ರಿ. ಆದರೆ ಅವಳ ಮನಸ್ಸು ಆಗಲೇ ಟ್ರ್ಯಾಕಿನ ಕೊನೆಯ ತಿರುವಿನಲ್ಲಿತ್ತು. ಕಪ್ಪನ್ನೇ ಹಾಕಿಸಿದಳು.

ಭಾನುವಾರ ಟ್ರ್ಯಾಕಿನಲ್ಲಿ ಕಾರು ಅವಳ ಮಾತು ಕೇಳಿತು. ಕಾಲು ಒತ್ತುವುದಕ್ಕೂ ಚಕ್ರ ತಳ್ಳುವುದಕ್ಕೂ ನಡುವೆ ಕೂದಲೆಳೆಯ ಅಂತರವಿಲ್ಲ. ಮನೆಗೆ ಬಂದವಳ ಮುಖ ನೋಡಿ ಗಂಡ, ಸವತಿ ಗೆದ್ದಳಾ ಎಂದು ಕೇಳಿದ.

ಮುಂದಿನ ಶನಿವಾರ ಅತ್ತೆ ಎಂದಿನಂತೆ ಹತ್ತಿ ಕೂತು ಶುರುಮಾಡಿದರು. ದೊಡ್ಡ ರಸ್ತೆಗೆ ಬಂದು ವೇಗ ಏರುತ್ತಿದ್ದಂತೆ ಸೀಟಿನ ಕೆಳಗಿಂದ ಸಣ್ಣಗೆ ಕೊರೆಯುವ ಸದ್ದು ಎದ್ದಿತು. ಅತ್ತೆ ದನಿ ಏರಿಸಿದರು. ಇವಳು "ಏನಂದ್ರಿ?" ಎಂದಳು. ಅವರು ಮತ್ತೆ ಹೇಳಿದರು, ಇವಳು ಮತ್ತೆ ಕೇಳಿದಳು. ಅಷ್ಟರಲ್ಲಿ ಕತೆಯ ರುಚಿ ಕೆಟ್ಟಿತ್ತು. ಆಮೇಲೆ ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು. ವಾಪಸ್ ಬರುವಾಗಲೂ ಅಷ್ಟೇ.

ಮನೆ ಮುಂದೆ ಇಳಿಯುವಾಗ ಇವಳು ತಡೆಯಲಾರದೆ ಕೇಳಿದಳು. "ಬೇಜಾರಾಯ್ತಾ, ಅತ್ತೆ?"

"ಬೇಜಾರೇನಿಲ್ಲ. ನಿನ್ನ ಕಾರಿಗೂ ಬಾಯಿ ಬಂದಿದೆ. ಇಬ್ಬರು ಒಟ್ಟಿಗೆ ಮಾತಾಡಿದ್ರೆ ನೀನು ಯಾರದ್ದು ಅಂತ ಕೇಳ್ತೀಯ?"

ನಗುತ್ತಲೇ ಹೇಳಿದ್ದರು. ಆದರೂ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನಿಂತವಳಿಗೆ ಏನನ್ನೋ ಕಳೆದುಕೊಂಡಂತೆ ಅನ್ನಿಸುತ್ತಲೇ ಇತ್ತು. ಬೇಲಿಗೆ ನುಗ್ಗಿದ ಲಾರಿಯನ್ನು ಆಮೇಲೆ ಯಾರು ಎಳೆದರು ಎಂಬುದನ್ನು ಅತ್ತೆ ಇನ್ನೂ ಹೇಳಿರಲಿಲ್ಲ.

ಸೋಮವಾರ ಡ್ಯೂಟಿ ಮುಗಿಸಿ ನೇರ ಗ್ಯಾರೇಜಿಗೆ ಹೋದಳು. ಮೂರರಲ್ಲಿ ಹಿಂದಿನ ಎರಡು ಬುಷ್ಷುಗಳನ್ನು ಮಾತ್ರ ಕೆಂಪು ಮಾಡಿದರೆ ಆಗುತ್ತದಾ ಎಂದು ಕೇಳಿದಳು. ಹಾಗೆ ಮಾಡಿದರೆ ಭಾರವೆಲ್ಲ ಗಟ್ಟಿಯಾದದ್ದರ ತಲೆಯ ಮೇಲೆ ಬೀಳುತ್ತದೆ, ಹಾಕುವುದಾದರೆ ಮೂರನ್ನೂ ಒಂದೇ ಥರ ಹಾಕೋಣ ಎಂದು ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಂಡ. ಹೇಳಿದ್ದೆನಲ್ಲ ಎಂಬ ಮಾತನ್ನು ಅವನು ಆಡಲಿಲ್ಲ. ಅದಕ್ಕಾಗಿಯೇ ಅವಳು ತಾನೇ ಹೋಗಿ ಇಬ್ಬರಿಗೂ ಟೀ ತಂದಳು.

ಕೆಂಪು ಬುಷ್ಷಿನಲ್ಲಿ ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಮಾತಿಗೆ ಅಡ್ಡ ಬರದಷ್ಟು ತಗ್ಗಿತು. ಟ್ರ್ಯಾಕಿನಲ್ಲಿ ಕಳೆದುಕೊಂಡದ್ದು ಇಷ್ಟೇ ಇಷ್ಟು. ಅದನ್ನು ಕೊನೆಯ ತಿರುವಿನಲ್ಲಿ ಬ್ರೇಕನ್ನು ಚೂರು ತಡವಾಗಿ ಒತ್ತಿ ಅವಳು ವಾಪಸ್ ಗಿಟ್ಟಿಸಿಕೊಂಡಳು. ಶನಿವಾರ ಹಿಂದಿನ ಸೀಟಿನಿಂದ ಕತೆಯ ಉಳಿದರ್ಧವೂ ಬಂತು: ಲಾರಿಯನ್ನು ಎಳೆದವರು ಅತ್ತೆಯ ಶಾಲೆಯ ಮಕ್ಕಳಂತೆ, ಹಗ್ಗ ಕಟ್ಟಿ, ಇಡೀ ತರಗತಿ ಸೇರಿ.

ಅದರ ಮುಂದಿನ ತಿಂಗಳ ಭಾನುವಾರ ಅತ್ತೆ ತಾವಾಗಿಯೇ ಹೊರಟು ಟ್ರ್ಯಾಕಿಗೆ ಬಂದರು. ಬೆಳಗ್ಗೆಯೆಲ್ಲ ಬದಿಯಲ್ಲಿ ಕೂತು, ಸುಂಟರಗಾಳಿ ತಿರುವು ಬಂದಾಗಲೆಲ್ಲ ಗಕ್ಕನೆ ಬ್ರೇಕ್ ತುಳಿಯುವುದನ್ನು ನೋಡಿದರು. ಊಟದ ಬಿಡುವಿನಲ್ಲಿ ಹೆಲ್ಮೆಟ್ ಹಾಕಿಸಿಕೊಂಡು ಸೊಸೆಯ ಪಕ್ಕ ಕೂತು ನಿಧಾನವಾಗಿ ಒಂದು ಸುತ್ತು ಹೋಗಿಬಂದರು. ಸುಂಟರಗಾಳಿ ಓಡಿ ಬಂದು, ಹೇಗಿತ್ತಮ್ಮ ಎಂದು ಕೇಳಿದ.

"ಚೆನ್ನಾಗಿತ್ತಪ್ಪ" ಎಂದರು ಅತ್ತೆ, ಕೂದಲು ಸರಿಮಾಡಿಕೊಳ್ಳುತ್ತ. "ನನ್ನ ಸೊಸೆ ತಿರುವಿನಲ್ಲಿ ನಿನ್ನ ಹಾಗೆ ಗಾಬರಿ ಬೀಳಲ್ಲ."