ಲೆಕ್ಕದಕ್ಕನ ಎಣಿಕೆಯಲ್ಲಿ ಗದ್ದಲ

ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಗಾಜಿನ ಸಾಮಾನು ತೊಳೆದವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದು ಅವಳ ಕಣ್ಣು ಚುರುಕೆಂದು. ಅಂದಿನಿಂದ ಅವಳು ಎಲ್ಲರಿಗೂ ಲೆಕ್ಕದಕ್ಕ. ಒಂದೇ ಜೀವಕೋಶದಿಂದ ಬೆಳೆಸಿದ ನೂರು ಕೋಶಗಳಿಗೆ ಒಂದು ರಾಸಾಯನಿಕ ಹಾಕುತ್ತಾರೆ; ಅದರ ಸಂದೇಶ ಮುಟ್ಟಿದ ಕೋಶ ಹಸಿರಾಗಿ ಹೊಳೆಯುತ್ತದೆ; ಹೊಳೆದವನ್ನು ಎಣಿಸಬೇಕು. ಅಷ್ಟೇ ಕೆಲಸ.

ಮೂರನೆಯ ವಾರ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವಳ ಎಣಿಕೆಯ ಪುಸ್ತಕ ನೋಡಿ, ಇದರಲ್ಲಿ ಗದ್ದಲ ಜಾಸ್ತಿ ಎಂದರು. ಎಣಿಸುವಾಗ ಅವಳು ಗುನುಗುತ್ತಿದ್ದುದು ನಿಜ. ಮರುದಿನದಿಂದ ತುಟಿ ಬಿಗಿದಳು, ಫ್ಯಾನ್ ಆರಿಸಿದಳು, ಪಕ್ಕದ ಮೇಜಿನವರನ್ನು ಸೀನಲೂ ಬಿಡಲಿಲ್ಲ. ಆದರೂ ಎಣಿಕೆ ದಿನಕ್ಕೊಂದು: ಮೂವತ್ತೊಂದು, ನಲವತ್ತನಾಲ್ಕು, ಮೂವತ್ತೆಂಟು.

ಗದ್ದಲವೆಂದರೆ ಸದ್ದಲ್ಲ, ಅಂಕಿ ಕಾರಣವಿಲ್ಲದೆ ಏರಿಳಿಯುವುದು ಎಂದು ಮೇಡಂ ನಗುತ್ತ ತಿಳಿಸಿದರು. ನಕ್ಕು ಮುಗಿದ ಮೇಲೆ, ಸೋಮವಾರದೊಳಗೆ ಸರಿಹೋಗದಿದ್ದರೆ ಮತ್ತೆ ತೊಳೆಯುವ ಕೆಲಸವೇ ಎಂದೂ ಹೇಳಿದರು. ಕೋಶಗಳೇ ಹಾಗೆ ಆಡುತ್ತಿವೆ ಎಂದು ಅವಳು ಗೊಣಗಿದ್ದು ಉಗ್ರಾಣದವನ ಕಿವಿಗೆ ಬಿತ್ತು. ಬಿಟ್ಟಾನೆಯೇ?

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಲೆಕ್ಕದಕ್ಕ, ನಿನ್ನ ಬ್ರಷ್ಷು ಜೋಪಾನವಾಗಿ ಇಟ್ಟಿದೀನಿ."

ಅವಳು ಸಿಟ್ಟಿನಿಂದ ಹಳೆಯ ಪುಟಗಳನ್ನೆಲ್ಲ ತಿರುವಿದಳು. ರಾಸಾಯನಿಕ ಧಾರಾಳವಾಗಿ ಹಾಕಿದ ದಿನ ತೊಂಬತ್ತಾರು, ತೊಂಬತ್ತೇಳು, ತೊಂಬತ್ತಾರು. ಏರುಪೇರೆಲ್ಲ ಚೂರೇ ಚೂರು ಹಾಕಿದ ದಿನಗಳದ್ದು. ಸೋಮವಾರ ಪುಸ್ತಕ ಹಿಡಿದು ಮೇಡಂ ಎದುರು ನಿಂತಳು.

"ಕಣ್ಣು ತಪ್ಪಿದ್ರೆ ಜಾಸ್ತಿ ಹಾಕಿದ ದಿನಾನೂ ತಪ್ಪಬೇಕಲ್ವಾ ಮೇಡಂ? ನನ್ನ ಅವಳಿ ಹುಡುಗೀರನ್ನೇ ನೋಡಿ. ಗಟ್ಟಿಯಾಗಿ ಕೂಗಿದ್ರೆ ಇಬ್ರೂ ಏಳ್ತಾರೆ. ಮೆಲ್ಲಗೆ ಕರೆದ್ರೆ ಒಂದಿನ ಇವಳು, ಒಂದಿನ ಅವಳು, ಒಂದಿನ ಇಬ್ರೂ ಇಲ್ಲ. ಅದು ನನ್ನ ಗಂಟಲಿನ ತಪ್ಪಾ?"

ಮೇಡಂ ಮಾತಿಗೆ ಮರುಳಾಗುವವರಲ್ಲ. ಅವಳಿಗೆ ತಿಳಿಯದಂತೆ ಒಂದೇ ಸ್ಲೈಡಿಗೆ ಸಲಸಲಕ್ಕೂ ಬೇರೆ ಚೀಟಿ ಅಂಟಿಸಿ, ಬೇರೆ ಸ್ಲೈಡುಗಳ ನಡುವೆ ಸೇರಿಸಿ, ನಾಲ್ಕು ಸಲ ಕೊಟ್ಟರು. ನಾಲ್ಕು ಸಲವೂ ಮೂವತ್ತೆಂಟೇ ಬಂತು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪು ತಮ್ಮದೇ ಎಂದರು. ರಾಸಾಯನಿಕದ ಕಣಗಳು ತೀರ ಕಡಿಮೆಯಿದ್ದಾಗ ಅವು ದಿಕ್ಕುದೆಸೆಯಿಲ್ಲದೆ ಅಲೆಯುತ್ತವೆ. ಯಾವ ಕೋಶಕ್ಕೆ ಡಿಕ್ಕಿ ಹೊಡೆದವೋ ಅದರ ಪಾಲಿಗೆ ಕರೆ ಬಂತು. ಕಣಗಳು ಲೆಕ್ಕವಿಲ್ಲದಷ್ಟಿದ್ದರೆ ಹೆಚ್ಚುಕಡಿಮೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಗದ್ದಲ ಇದ್ದದ್ದು ಎಣಿಕೆಯಲ್ಲಲ್ಲ, ಕೋಶಗಳಿಗೆ ಕರೆ ಮುಟ್ಟುವುದರಲ್ಲೇ.

"ಇನ್ನು ಆ ಗದ್ದಲವನ್ನೇ ಅಳೆಯೋಣ ಕಣಮ್ಮ. ಹತ್ತು ಸಾವಿರ ಕೋಶ ಎಣಿಸಬೇಕಾಗುತ್ತೆ. ನೀನೇ ಆಗಬೇಕು."

ಲೆಕ್ಕದಕ್ಕ ಕೂಡಲೇ ಒಪ್ಪಲಿಲ್ಲ. ಈ ಕುರ್ಚಿ ಗಿಡ್ಡ, ಕತ್ತು ಹಿಡಿಯುತ್ತದೆ, ಎತ್ತರದ್ದು ತರಿಸಿದರೆ ನೋಡೋಣ ಎಂದಳು. ಬುಧವಾರ ಕುರ್ಚಿ ಬಂತು. ಹೊತ್ತು ತಂದು ಹಾಕಿದವನು ಉಗ್ರಾಣದವನೇ.